ಆಲ್ ಗುಡ್ ತಾತ

ಚನ್ನರಾಯಪಟ್ಟಣದ ಅನಂತರಾಜಯ್ಯ ಮೇಷ್ಟ್ರು ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಪಾಠ ಹೇಳಿದರು ಅನ್ನುವುದಕ್ಕಿಂತ ಇಂಗ್ಲಿಷಿಗೆ ಕಾವಲು ಕೂತಿದ್ದರು ಅಂದರೆ ಹೆಚ್ಚು ಸರಿ. ತಾಲ್ಲೂಕಿನ ಅರ್ಧ ಜನ ಅವರ ಕೆಂಪು ಇಂಕಿನ ರುಚಿ ಕಂಡವರೇ. ಈಗಲೂ ಮದುವೆ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ, ಬ್ಯಾಂಕಿಗೆ ಅರ್ಜಿ ಕೊಡುವ ಮುಂಚೆ ಜನ ಅವರ ಮನೆ ಜಗಲಿಗೆ ಬರುತ್ತಾರೆ. ಅಂಥ ಮನುಷ್ಯ ಆ ದಿನ ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ಮೊಬೈಲು ಹಿಡಿದುಕೊಂಡು, ಆರೇ ಆರು ಪದದ ಒಂದು ಇಂಗ್ಲಿಷ್ ಸಾಲಿನ ತಲೆಬುಡ ತಿಳಿಯದೆ ಕೂತಿದ್ದರು.

'ಇಟ್ಸ್ ಓಕೆ ತಾತ ಆಲ್ ಗುಡ್ ಡಿಡಬ್ಲ್ಯೂ'. ಅದರ ಪಕ್ಕ ಒಂದು ಹಳದಿ ಹೆಬ್ಬೆರಳು. ದೊಡ್ಡಕ್ಷರವಿಲ್ಲ, ಅಲ್ಪವಿರಾಮವಿಲ್ಲ, ಮೊಬೈಲಿನಲ್ಲಿದ್ದ ಸಾಲಿಗೆ ಕೊನೆಯಲ್ಲೊಂದು ಚುಕ್ಕಿಯೂ ಇರಲಿಲ್ಲ. ಕಳಿಸಿದವಳು ಮೊಮ್ಮಗಳು ಪ್ರಾರ್ಥನಾ, ಹಾಸನದ ಹಾಸ್ಟೆಲಿನಲ್ಲಿದ್ದುಕೊಂಡು ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದ ಹುಡುಗಿ.

ಇದು ಯಾವುದಕ್ಕೆ ಬಂದ ಉತ್ತರ ಅನ್ನುವುದನ್ನು ಹೇಳಬೇಕು. ಅಂದು ಕ್ಷಮಾವಣಿ. ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರ ಮನೆಗಳಲ್ಲಿ ಒಬ್ಬರಿಗೊಬ್ಬರು ಕೈಮುಗಿದು, ಅರಿತೋ ಅರಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿ ಎಂದು ಕೇಳಿಕೊಳ್ಳುವ ದಿನ. ಹಿರಿಯರು ಕಿರಿಯರು ಅನ್ನುವ ಭೇದ ಅಲ್ಲಿ ನಡೆಯುವುದಿಲ್ಲ. ಅತ್ತೆ ಸೊಸೆಗೆ ಕೈಮುಗಿಯಬೇಕು, ಸಾಹುಕಾರ ಆಳಿಗೆ ಮುಗಿಯಬೇಕು. ಎದುರಿನವರು 'ಉತ್ತಮ ಕ್ಷಮಾ' ಎಂದು ತಾವೂ ಕೈಮುಗಿದರೆ ಆ ವರ್ಷದ ಮುನಿಸು ಅಲ್ಲಿಗೆ ಮುಗಿಯಿತು. ಈಗಿನವರು ಬಸದಿಯ ಮೆಟ್ಟಿಲು ಇಳಿಯುವಾಗಲೇ ಒಂದು ಚಿತ್ರವನ್ನು ಇನ್ನೂರು ಜನಕ್ಕೆ ಒಟ್ಟಿಗೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಅನಂತರಾಜಯ್ಯ ಹಾಗಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಈ ಸಲ ನಲವತ್ತೊಂದು ಜನಕ್ಕೆ ಬರೆದಿದ್ದರು. ಅದರಲ್ಲಿ ನಲವತ್ತು ರೂಢಿಗೆ. ಅವರಿಗೆ ನಿಜವಾಗಿ ಬೇಕಾಗಿದ್ದ ಕ್ಷಮೆ ಒಂದೇ, ಅದು ಪ್ರಾರ್ಥನಾಳದು.

ಎರಡು ತಿಂಗಳ ಹಿಂದೆ ಒಂದು ಭಾನುವಾರ ಅವಳು ಊರಿಗೆ ಬಂದಿದ್ದಳು. ಸ್ನಾನಕ್ಕೆ ಹೋಗುವಾಗ ತಾತನ ಮೇಜಿನ ಮೇಲೆ ಒಂದು ಹಾಳೆ ಬಿಟ್ಟಿದ್ದಳು. ಯಾರೋ ಗೆಳತಿಗೆ ಬರೆದದ್ದು, ಎರಡೂ ಬದಿ ಇಂಗ್ಲಿಷ್. ಅನಂತರಾಜಯ್ಯ ಕನ್ನಡಕ ಏರಿಸಿದರು. ಮೊದಲ ಸಾಲಿನಲ್ಲೇ ಎರಡು ತಪ್ಪು! ಕೈ ತನ್ನಷ್ಟಕ್ಕೆ ತಾನೇ ಕೆಂಪು ಪೆನ್ನಿಗೆ ಹೋಯಿತು. ಅವಳ ಸ್ನಾನ ಮುಗಿಯುವಷ್ಟರಲ್ಲಿ ಇವರು ಇಪ್ಪತ್ತಾರು ತಪ್ಪು ತಿದ್ದಿ, ಕೆಳಗೆ ಇಪ್ಪತ್ತೈದಕ್ಕೆ ನಾಲ್ಕು ಅಂಕ ಕೊಟ್ಟು, ಸಹಿ ಜಡಿದು, ಎರಡೂ ಬದಿಯ ಫೋಟೋ ತೆಗೆದು, 'ಇಂದಿನ ಎಂಜಿನಿಯರುಗಳ ಇಂಗ್ಲಿಷ್' ಎಂಬ ತಲೆಬರಹದ ಜೊತೆ ಎಂಬತ್ತಾರು ಜನರಿದ್ದ ಬಂಧುಗಳ ಗುಂಪಿಗೆ ಕಳಿಸಿಯೂ ಆಗಿತ್ತು. ತಮಾಷೆಗೆ, ಆಣೆಯಿಟ್ಟು ಹೇಳುತ್ತೇನೆ, ತಮಾಷೆಗೆ ಮಾತ್ರ. ಮಧ್ಯಾಹ್ನದೊಳಗೆ ನಲವತ್ತು ನಗುವ ಮುಖಗಳು ಬಂದವು. ಹೊಳೆನರಸೀಪುರದ ತಂಗಿಯ ಮೊಮ್ಮಗನಂತೂ ಅದನ್ನು ತನ್ನ ಸ್ಟೇಟಸ್ಸಿಗೇ ಹಾಕಿಕೊಂಡ.

ಪ್ರಾರ್ಥನಾ ಕೂಗಾಡಲಿಲ್ಲ. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಗುಂಪು ಬಿಟ್ಟಳು, ಸಾಯಂಕಾಲದ ಬಸ್ಸಿಗೆ ಹೋಗಬೇಕಾದವಳು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಅಲ್ಲಿಂದಾಚೆಗೆ ಊರಿಗೆ ಬಂದಿಲ್ಲ. ಅಪ್ಪ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ತಾತನ ಕೈಗೆ ಫೋನು ಬಂದರೆ ಕ್ಲಾಸಿದೆ, ಲ್ಯಾಬಿದೆ. ಐದು ವರ್ಷದವಳಿದ್ದಾಗಿನಿಂದ ಕೆರೆ ಏರಿಯ ಮೇಲೆ ಬೆರಳು ಹಿಡಿಸಿ ನಡೆಸುತ್ತ ಇಂಗ್ಲಿಷ್ ಕಲಿಸಿದ ಹುಡುಗಿ ಅದು. ಮನೆಯಲ್ಲಿ ಮಿಕ್ಕವರಿಗೆ ಅರ್ಥವಾಗದಂತೆ ಅವರಿಬ್ಬರೇ ಇಂಗ್ಲಿಷಿನಲ್ಲಿ ಗುಟ್ಟು ಆಡುತ್ತಿದ್ದರು. ಈ ಎರಡು ತಿಂಗಳಲ್ಲಿ ಮುದುಕರು ಸೊರಗಿಹೋದರು. ನಾಲ್ಕು ಅಂಕ ಕೊಟ್ಟದ್ದೇ ಅವಮಾನವಾಯಿತು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಎಂಟಾದರೂ ಕೊಡಬಹುದಿತ್ತು ಎಂದು ಎಷ್ಟೋ ಸಲ ಒಬ್ಬರೇ ಕೂತು ಅಂದುಕೊಂಡಿದ್ದರು.

ಹಾಗಾಗಿ ಆ ಬೆಳಿಗ್ಗೆ ಅವಳಿಗೊಂದು ಪುಟದಷ್ಟು ಇಂಗ್ಲಿಷಿನಲ್ಲಿ ಬರೆದಿದ್ದರು. ನಾಲ್ಕು ಸಲ ತಿದ್ದಿ, ಹನ್ನೊಂದು ವಾಕ್ಯಕ್ಕೆ ಹನ್ನೊಂದು ಚುಕ್ಕಿ ಇಟ್ಟು, ಏಳು ಗಂಟೆಗೆ ಕಳಿಸಿದ್ದರು. ಅದಕ್ಕೆ ಬಂದ ಪ್ರಸಾದ ಇದು. ಕ್ಷಮಿಸಿದ್ದಾಳೋ ಇಲ್ಲವೋ? ಓಕೆ ಅನ್ನುವುದು ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೂ ಹೇಳುವ ಮಾತು. ಆಲ್ ಗುಡ್ ಅಂದರೆ ಎಲ್ಲ ಒಳ್ಳೆಯದು. ಏನು ಎಲ್ಲ, ಯಾವುದು ಒಳ್ಳೆಯದು? ಡಿಡಬ್ಲ್ಯೂ ಅನ್ನುವುದನ್ನು ಅವರು ದಪ್ಪ ನಿಘಂಟು ಇಳಿಸಿ ಹುಡುಕಿದರು. ಸಿಗಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ದಿಲೀಪನ ಮೊಬೈಲು ಅಂಗಡಿ. ಹಳೇಕೋಟೆ ಕಡೆಯ ಹುಡುಗ, ಈಗ ಹುಡುಗನೇನಲ್ಲ, ಎರಡು ಮಕ್ಕಳ ತಂದೆ. ಹತ್ತನೇ ತರಗತಿಯಲ್ಲಿ ಮೇಷ್ಟ್ರ ಕೈಲಿ ಇಂಗ್ಲಿಷಿಗೆ ಮೂವತ್ತೈದು ತೆಗೆದುಕೊಂಡು ಬಚಾವಾಗಿದ್ದವನು. ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿದ್ದು ಕಂಡು ಸ್ಟೂಲು ಒರೆಸಿ ಕೊಟ್ಟ. ಮೊಬೈಲು ನೋಡಿ ನಕ್ಕ.

"ಇದ್ಕೆ ಇಷ್ಟ್ ತಲೆ ಕೆಡಿಸ್ಕೊಂಡಿದ್ದೀರಾ ಸಾ? ಡಿಡಬ್ಲ್ಯೂ ಅಂದ್ರೆ ಡೋಂಟ್ ವರಿ. ಆಲ್ ಗುಡ್ ಅಂದ್ರೆ ಎಲ್ಲ ಸರ್ಯೋಗದೆ ಅಂತ. ಮುಗೀತು ಕಣ್ ಸಾ, ಆರಾಮಾಗಿ ಮನೆಗೋಗಿ."

"ಕ್ಷಮಿಸಿದ್ದೇನೆ ಅಂತ ಎಲ್ಲಿದೆಯಪ್ಪ ಇದರಲ್ಲಿ?"

"ಅಂಗೆಲ್ಲ ಯಾರ್ ಬರೀತಾರೆ ಸಾ ಈಗ? ಈಗ್ನವ್ರು ಸಾರಿ ಅಂತ್ಲೂ ಅನ್ನಕಿಲ್ಲ. ಮೈ ಬ್ಯಾಡ್ ಅಂತಾರೆ. ಅತ್ಲಾಗ್ನೋರು ಚಿಲ್ ಅಂತಾರೆ. ಅಷ್ಟೇಯ. ಮೊನ್ನೆ ನಮ್ ಡೀಲರ್ರು ನಲವತ್ತು ಚಾರ್ಜರ್ ಬದ್ಲು ನಲವತ್ತು ಇಯರ್‌ಫೋನ್ ಕಳ್ಸ್‌ಬುಟ್ಟ. ಮೈ ಬ್ಯಾಡ್ ಬ್ರೋ ಅಂದ. ನಾನು ಚಿಲ್ ಅಂದೆ."

"ನಿನಗೆ ಕೋಪ ಹೋಯಿತಾ?"

ದಿಲೀಪ ಒಂದು ಕ್ಷಣ ಯೋಚಿಸಿದ. "ಎಲ್ಲೋಯ್ತದೆ ಸಾ? ಸಿಕ್ಕಿದ್ರೆ ಕತ್ತಿನ ಪಟ್ಟಿ ಇಡ್ಕಂತೀನಿ."

ಮೇಷ್ಟ್ರು ಬಂದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಎದ್ದರು. ದಾರಿಯಲ್ಲಿ ಒಂದು ಸಂಗತಿ ಮನಸ್ಸಿಗೆ ಬಂತು. ಮೈ ಬ್ಯಾಡ್. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಹೌದು, ಅದೇ ಹಾಳೆಯಲ್ಲಿ. ಗುಣವಾಚಕವನ್ನು ನಾಮಪದದ ಜಾಗದಲ್ಲಿ ಕೂರಿಸಬಾರದು ಎಂದು ಅಂಚಿನಲ್ಲಿ ಷರಾ ಬರೆದು, ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ನೆನಪಾದದ್ದು ಅಷ್ಟೇ, ಮುಂದಕ್ಕೆ ಯೋಚನೆ ಓಡಲಿಲ್ಲ.

ಪಕ್ಕದ ಮನೆ ಮೋಹನ್‌ಕುಮಾರರ ಮಗಳು ಧನ್ಯಾ ಬಿ.ಕಾಂ. ಓದುತ್ತಿದ್ದಳು. ಕಾಂಪೌಂಡಿನ ಈಚೆಗೆ ನಿಂತು ಅವಳ ಕೈಗೆ ಮೊಬೈಲು ಕೊಟ್ಟರು. ಅವಳು ಸಾಲನ್ನು ಓದಿದಳು, ಮೇಲಕ್ಕೆ ಸರಿಸಿ ಮೇಷ್ಟ್ರು ಬರೆದದ್ದನ್ನೂ ಓದಿದಳು. ಮುಖ ಸಣ್ಣದು ಮಾಡಿಕೊಂಡಳು.

"ಅಯ್ಯೋ ಮೇಷ್ಟ್ರ ತಾತ, ಥಂಬ್ ಹಾಕವ್ಳಲ್ಲ."

"ಹಾಕಿದರೇನಮ್ಮ? ಶಹಬಾಸ್ ಅಂತ ಅಲ್ವೇ?"

"ನಿಮ್ ವಯಸ್ನೋರ್ ಹಾಕಿದ್ರೆ ಹಂಗೆ. ನಾವ್ ಹಾಕಿದ್ರೆ ಇನ್ ಸಾಕು, ಮಾತಾಡಿಸ್ಬೇಡಿ ಅಂತ. ಆದ್ರೆ ತಾತ ಅಂತ ಬರ್ದವ್ಳೆ, ಅದು ಒಳ್ಳೇದು. ಡಿಡಬ್ಲ್ಯೂ ಅನ್ನೋದೂ ಪರವಾಗಿಲ್ಲ. ಫುಲ್‌ಸ್ಟಾಪ್ ಇಟ್ಟಿಲ್ಲ ನೋಡಿ, ಹಂಗಾಗಿ ಪೂರ್ತಿ ಕೋಪ ಇಲ್ಲ."

"ಏನಂದೆ?"

"ಫುಲ್‌ಸ್ಟಾಪ್ ಇಟ್ರೆ ಕೋಪ ತಾತ. ಮೆಸೇಜಲ್ಲಿ ಯಾರೂ ಇಡಲ್ಲ. ಇಟ್ರೆ ಮುಖಕ್ಕೆ ಹೊಡ್ದಂಗೆ. ನೀವು ಹನ್ನೊಂದ್ ಇಟ್ಟಿದ್ದೀರಾ!"

ಅನಂತರಾಜಯ್ಯ ಕಾಂಪೌಂಡು ಹಿಡಿದುಕೊಂಡರು. ವಾಕ್ಯದ ಕೊನೆಗೆ ಚುಕ್ಕಿಯಿಡಿ, ಚುಕ್ಕಿಯಿಡಿ ಎಂದು ಗಂಟಲು ಹರಿದುಕೊಂಡು ಮೂವತ್ನಾಲ್ಕು ವರ್ಷ ಕಳೆದ ಮನುಷ್ಯ. ಚುಕ್ಕಿಯಿಡದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ಚುಕ್ಕಿಯೆಂದರೆ ಕೋಪವಂತೆ! ಹಾಗಾದರೆ ತಾವು ಕಳಿಸಿದ ಕ್ಷಮಾಪಣೆ ಅವಳ ಕಣ್ಣಿಗೆ ಹನ್ನೊಂದು ಸಲ ಗದರಿಸಿದಂತೆ ಕಂಡಿತೇ? ಅವರಿಗೆ ನಿಜಕ್ಕೂ ದಿಕ್ಕು ತಪ್ಪಿದಂತಾಯಿತು. ತನ್ನದೆಂದು ತಿಳಿದಿದ್ದ ಭಾಷೆಯಲ್ಲಿ ತನಗೇ ಬಾಗಿಲು ಸಿಗುತ್ತಿಲ್ಲವಲ್ಲ ಎಂದು ದುಃಖವೂ ಆಯಿತು.

"ಏನು ಮಾಡಲಮ್ಮ ಈಗ?"

"ಅವಳ ಥರಾನೇ ಕಳಿಸಿ. ಸಿಂಪಲ್ಲಾಗಿ."

ಮನೆಗೆ ಬಂದು, ಬಾಗಿಲು ಮುಂದೆಮಾಡಿ, ಜೀವಮಾನದಲ್ಲಿ ಮೊದಲ ಸಲ ಅನಂತರಾಜಯ್ಯ ತಪ್ಪು ಇಂಗ್ಲಿಷನ್ನು ಬೇಕೆಂದೇ ಬರೆದರು. ಎಲ್ಲ ಸಣ್ಣಕ್ಷರ, ಚುಕ್ಕಿಯಿಲ್ಲ. 'ಮೈ ಬ್ಯಾಡ್ ಚಿಲ್ ಆಲ್ ಗುಡ್'. ಕಣ್ಣು ಮುಚ್ಚಿಕೊಂಡು ಕಳಿಸಿದರು. ಆದರೂ ಒಳಗೊಳಗೇ ಸಣ್ಣ ಹೆಮ್ಮೆ. ಈ ವಯಸ್ಸಿನಲ್ಲಿ ಮೊಮ್ಮಗಳಿಗಾಗಿ ಇಷ್ಟು ಇಳಿದೆನಲ್ಲ ಎಂದು.

ಉತ್ತರ ಈ ಸಲ ತಕ್ಷಣ ಬಂತು. 'ಎಲ್‌ಓಎಲ್'. ಅದರ ಹಿಂದೆಯೇ ಇನ್ನೊಂದು, ಓಕೆಯ ಬಾಲದಂತೆ ಬರೀ 'ಕೆ' ಎಂಬ ಒಂದಕ್ಷರ. ಅದರ ಮುಂದೆ, ಸ್ಪಷ್ಟವಾಗಿ, ಒಂದು ಚುಕ್ಕಿ.

ದಿಲೀಪನಿಗೆ ಫೋನು ಮಾಡಿದರು. ಎಲ್‌ಓಎಲ್ ಅಂದರೆ ಜೋರಾಗಿ ನಗುವುದು, ಗೆದ್ದಿರಿ ಎಂದ. ಕಾಂಪೌಂಡಿನ ಬಳಿ ಧನ್ಯಾಳನ್ನು ಕೂಗಿದರು. ಎಲ್‌ಓಎಲ್ ಅಂದರೆ ಈಗ ಯಾರೂ ನಗುವುದಿಲ್ಲ, ಮಾತಿಲ್ಲದಾಗ ಹಾಕುತ್ತಾರೆ ಎಂದಳು. ಆಮೇಲೆ ಆ ಚುಕ್ಕಿಯನ್ನು ನೋಡಿ, ನಾನು ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಒಳಗೆ ಹೋಗಿಬಿಟ್ಟಳು.

ಊಟಕ್ಕೆ ಕೂತಾಗ ಮಗ ಆದೀಶ್ ಅಂಗಡಿಯಿಂದ ಬಂದಿದ್ದ. ಪಾತ್ರೆ ಅಂಗಡಿ, ದಿನವೆಲ್ಲ ಗಿರಾಕಿ, ಅವನಿಗೆ ಈ ರಗಳೆಗೆ ಪುರುಸೊತ್ತಿಲ್ಲ. "ಬಿಡಪ್ಪ, ಆಲ್ ಗುಡ್ ಅಂದಳಲ್ಲ ಮೊದಲು. ನೀನು ಅಷ್ಟಕ್ಕೆ ಸುಮ್ಮನಿರಬೇಕಿತ್ತು" ಎಂದ.

ಸೊಸೆ ಜ್ವಾಲಾಮಾಲಿನಿ ಸಾರು ಬಡಿಸುತ್ತಿದ್ದವಳು ಸೌಟು ನಿಲ್ಲಿಸಿದಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ ಆಡುವ ಹೆಂಗಸು. "ಮಾವ, ಬೆಳಿಗ್ಗೆ ನನಗೆ ಕೈಮುಗಿದ್ರಲ್ಲ, ನಾನೂ ಮುಗಿದೆ. ಆಗ ನನ್ನ ಮುಖ ನೋಡಿ ನಿಮಗೆ ತಿಳೀತೋ ಇಲ್ವೋ?"

"ತಿಳೀತು."

"ಅವಳ ಮುಖ ನೋಡಿದ್ರಾ?"

ಮೇಷ್ಟ್ರು ತುತ್ತು ಮುಗಿಸಿ ಎದ್ದು ಕೈತೊಳೆದುಕೊಂಡರು. ಕೊಡೆ ತೆಗೆದುಕೊಂಡರು. ಎರಡು ಗಂಟೆಯ ಹಾಸನದ ಬಸ್ಸಿನಲ್ಲಿ ಅವರಿದ್ದರು.

ಬಸ್ಸಿನ ತುಂಬ ಇಂಗ್ಲಿಷ್. ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು ಬ್ರೋ ಇಲ್ಲದೆ ಮಾತೇ ಆಡುತ್ತಿರಲಿಲ್ಲ. ಒಬ್ಬನ ಪ್ರಕಾರ ಯಾವುದೋ ಪರೀಕ್ಷೆ ಫುಲ್ ಸೀನಾಗಿತ್ತು, ಇನ್ನೊಬ್ಬನ ಪ್ರಕಾರ ಸೀನೇ ಇರಲಿಲ್ಲ. ಕಂಡಕ್ಟರು 'ಓಲ್ಡಾನ್' ಅಂದರೆ ಬಸ್ಸು ನಿಲ್ಲುತ್ತಿತ್ತು, 'ರೈಟ್' ಅಂದರೆ ಹೊರಡುತ್ತಿತ್ತು. ಇಷ್ಟು ವರ್ಷ ಓಡಾಡಿದ ಬಸ್ಸಿನಲ್ಲಿ ಇವರು ಆ ಓಲ್ಡಾನನ್ನು ಒಂದು ದಿನವೂ ತಿದ್ದಿರಲಿಲ್ಲ. ಯಾಕೆ ತಿದ್ದಲಿಲ್ಲ ಎಂದು ಈಗ ತಲೆ ಕೆರೆದುಕೊಂಡರು. ಶಾಂತಿಗ್ರಾಮ ದಾಟಿದರೂ ಉತ್ತರ ಹೊಳೆಯಲಿಲ್ಲ. ಅವಳ ಎದುರು ಏನು ಹೇಳಬೇಕು ಎಂಬುದೂ ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಗದರಿಸಿದಂತೆ, ಅವಳ ಇಂಗ್ಲಿಷಿನಲ್ಲಿ ಹೇಳಿದರೆ ಇನ್ನೇನೋ ಆದಂತೆ. ಎಲ್ಲಿ ಎಡವಿದೆ ಎಂದೇ ತಿಳಿಯದ ಮೇಲೆ ಎಲ್ಲಿಂದ ಏಳುವುದು?

ಹಾಸ್ಟೆಲಿನ ಗೇಟಿನ ಬಳಿ ಮುಕ್ಕಾಲು ಗಂಟೆ ನಿಂತರು. ಕಾಲೇಜು ಬಿಟ್ಟು ಹುಡುಗಿಯರು ಗುಂಪುಗುಂಪಾಗಿ ಬಂದರು. ಪ್ರಾರ್ಥನಾ ಒಬ್ಬಳೇ ಬರುತ್ತಿದ್ದಳು. ತಾತನನ್ನು ಕಂಡು ನಿಂತಳು, ಮುಖದ ಮೇಲೆ ಗಾಬರಿ ಹಾದುಹೋಯಿತು.

"ಮನೇಲಿ ಎಲ್ಲ ಚೆನ್ನಾಗಿದ್ದಾರಾ?"

"ಎಲ್ಲ ಚೆನ್ನಾಗಿದ್ದಾರಮ್ಮ. ನಿನ್ನ ನೋಡೋಣ ಅಂತ ಬಂದೆ."

ಎದುರುಗಡೆ ಎಳನೀರು ಗಾಡಿಯ ಪಕ್ಕ, ಮರದ ಕೆಳಗೆ, ಸಿಮೆಂಟು ಬೆಂಚು ಇತ್ತು. ಇಬ್ಬರೂ ಕೂತರು. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಎಳೆಯುತ್ತ ಬಿಡುತ್ತ ಇದ್ದಳು.

"ಇಟ್ಸ್ ಫೈನ್ ತಾತ. ನಾನು ಹೇಳಿದ್ನಲ್ಲ. ಇಷ್ಟಕ್ಕೆ ಯಾಕೆ ಬರೋಕೆ ಹೋದ್ರಿ? ಆಲ್ ಗುಡ್, ರಿಯಲಿ."

"ನನಗೆ ಅದು ಗೊತ್ತಾಗಲ್ಲಮ್ಮ" ಎಂದರು ಅನಂತರಾಜಯ್ಯ. ಇಡೀ ದಿನದ ಗೊಂದಲ ಆ ಮಾತಿನಲ್ಲಿ ಹೊರಗೆ ಬಂತು. "ಬೆಳಿಗ್ಗೆಯಿಂದ ಊರೆಲ್ಲ ಕೇಳಿದೆ. ಒಬ್ಬರು ಆಗಿದೆ ಅಂತಾರೆ, ಒಬ್ಬರು ಇಲ್ಲ ಅಂತಾರೆ. ಕನ್ನಡದಲ್ಲಿ ಹೇಳು. ಮನೇಲಿ ಮಾತಾಡೋ ಹಾಗೆ ಹೇಳಿಬಿಡು."

ಅವಳು ಜಿಪ್ಪು ಬಿಟ್ಟಳು. ಎಳನೀರಿನವನು ಕಾಯಿ ಕೆತ್ತುವುದನ್ನು ನೋಡುತ್ತ ಕೂತಳು.

"ಕನ್ನಡದಲ್ಲಿ ಹೇಳೋಕೆ ಹೋದ್ರೆ ಅಳು ಬರುತ್ತೆ" ಎಂದಳು. "ಅದಕ್ಕೇ ಹಂಗೆ ಬರ್ದು ಮುಗಿಸ್ದೆ. ಅಷ್ಟಕ್ಕೂ ಬಿಡಲಿಲ್ಲ ನೀವು. ಮಧ್ಯಾಹ್ನ ಇನ್ನೊಂದ್ಸಲ ಅಣಕಿಸಿದ್ರಿ."

"ನಾನಾ? ಯಾವಾಗಮ್ಮ?"

"ಮೈ ಬ್ಯಾಡ್ ಅಂತ ಕಳಿಸಿದ್ರಲ್ಲ. ಅದು ನನ್ನ ಲೆಟರಲ್ಲಿದ್ದ ಮಾತಲ್ವಾ? ನೀವೇ ಕೆಂಪಲ್ಲಿ ಹೊಡೆದುಹಾಕಿದ್ದು. ಎಂಬತ್ತಾರು ಜನಕ್ಕೆ ತೋರಿಸಿ ನಗಿಸಿದ್ದು. ಅದನ್ನೇ ತಿರುಗಿಸಿ ನನಗೆ ಕಳಿಸಿದ್ರಿ."

ಹಾಗಲ್ಲ, ದಿಲೀಪ ಹೇಳಿಕೊಟ್ಟ, ಧನ್ಯಾ ಹೇಳಿದಳು ಎಂದು ಅನಂತರಾಜಯ್ಯ ತೊದಲಿದರು. ಅವಳು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

"ತಾತ, ಒಂದ್ ಕೇಳ್ತೀನಿ. ಆ ಲೆಟರಲ್ಲಿ ಏನಿತ್ತು ಹೇಳಿ."

ಇದು ಗೊತ್ತಿದ್ದ ಪ್ರಶ್ನೆ. ಮೇಷ್ಟ್ರಿಗೆ ಸ್ವಲ್ಪ ಧೈರ್ಯ ಬಂತು. "ಮೊದಲ ಸಾಲಿನಲ್ಲಿ ನೀನು ಹೇ ಅಂತ ಶುರು ಮಾಡಿದ್ದೆ, ಡಿಯರ್ ಅಂತ ಇರಬೇಕಿತ್ತು. ಎರಡನೇದು, ಐ ಮೆಸ್ಡ್ ಅಪ್ ಬಿಗ್ ಟೈಮ್ ಅಂತ ಬರೆದಿದ್ದೆ, ಬಿಗ್ ಟೈಮ್ ಅನ್ನೋದು ಅಲ್ಲಿ ಕೂರಲ್ಲ. ಗೊನ್ನಾ ಅಂತ ಮೂರು ಕಡೆ. ಮಿ ಆ್ಯಂಡ್ ಯು ಅಂತ ಒಂದು ಕಡೆ, ಯು ಆ್ಯಂಡ್ ಐ ಆಗಬೇಕಿತ್ತು. ಹಿಂದಿನ ಬದಿ ಆರನೇ ಸಾಲಿನಲ್ಲಿ ಮ್ಯಾಥ್ಸ್ ಬ್ಯಾಕ್ ಅಂತ ಇತ್ತು, ಸಪ್ಲಿಮೆಂಟರಿ ಎಕ್ಸಾಮಿನೇಷನ್ ಇನ್ ಮ್ಯಾಥಮ್ಯಾಟಿಕ್ಸ್ ಅಂತ ನಾನು ಮೇಲೆ ಬರೆದೆ..."

ಇಪ್ಪತ್ತಾರೂ ಅವರಿಗೆ ನೆನಪಿತ್ತು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಅವಳು ಅವರ ಮೊಣಕೈ ಮುಟ್ಟಿದಳು.

"ತಪ್ಪು ಕೇಳಿಲ್ಲ ತಾತ. ಏನಿತ್ತು ಅಂತ ಕೇಳಿದ್ದು. ನಾನು ಯಾರಿಗೆ, ಯಾಕೆ ಬರೆದಿದ್ದೆ?"

ಅನಂತರಾಜಯ್ಯ ಯೋಚಿಸಿದರು. ಹಾಳೆ ಕಣ್ಣಿಗೆ ಕಟ್ಟಿದಂತೆ ಇತ್ತು, ಯಾವ ಗೆರೆ ಎಲ್ಲಿ ಎಳೆದದ್ದು ಎಂಬುದೂ ಕಾಣುತ್ತಿತ್ತು. ಗೆರೆಯ ಕೆಳಗಿನ ಮಾತುಗಳನ್ನು ಒಂದಕ್ಕೊಂದು ಸೇರಿಸಲು ನೋಡಿದರು. ಆಗಲಿಲ್ಲ. ಅವರು ಆ ಕಾಗದವನ್ನು ಓದಿಯೇ ಇರಲಿಲ್ಲ. ಎರಡು ಬದಿ, ಒಂದು ಅಕ್ಷರ ಬಿಡದೆ ನೋಡಿದ್ದರು, ಓದಿರಲಿಲ್ಲ.

"ಗೊತ್ತಿಲ್ಲಮ್ಮ" ಎಂದರು.

ಪ್ರಾರ್ಥನಾ ರಸ್ತೆಯ ಕಡೆ ನೋಡುತ್ತ ಹೇಳತೊಡಗಿದಳು. "ನಿಸರ್ಗ ಅಂತ. ನನ್ನ ರೂಮ್‌ಮೇಟು. ಅರಕಲಗೂಡಿನವಳು, ಅವರಪ್ಪ ತಿಮ್ಮಪ್ಪ ಅಂತ, ಹೊಗೆಸೊಪ್ಪು ಶುಂಠಿ ಬೆಳೀತಾರೆ. ಅವಳಿಗೆ ಮ್ಯಾಥ್ಸ್ ಹೋಗಿತ್ತು. ಮನೇಲಿ ಹೇಳಿರಲಿಲ್ಲ, ನನಗೊಬ್ಬಳಿಗೇ ಹೇಳಿದ್ದಳು. ನಾನು ಒಂದಿನ ಮೆಸ್ಸಲ್ಲಿ ಎಲ್ಲರೆದುರು ತಮಾಷೆಗೆ ಅಂದುಬಿಟ್ಟೆ. ಬಾಯಿ ತಪ್ಪಿ ಬಂದುಬಿಡ್ತು. ಅವಳು ಎದ್ದು ಹೋದಳು. ಫೋನಲ್ಲಿ ಬ್ಲಾಕ್ ಮಾಡಿದಳು, ರೂಮ್ ಬದಲಾಯಿಸಿದಳು. ಮೆಸೇಜ್ ಹೋಗಲ್ವಲ್ಲ, ಅದಕ್ಕೇ ಕಾಗದದಲ್ಲಿ ಬರೆದೆ. ತಪ್ಪಾಯ್ತು ಅಂತ ಬರೆದಿದ್ದೆ ತಾತ. ನಾಲ್ಕು ದಿನ ಹರಿದು ಹರಿದು ಬರೆದೆ."

"ನಮ್ಮ ಇಂಗ್ಲಿಷಲ್ಲಿ..." ಎಂದು ಏನೋ ಹೇಳಲು ಹೋದರು ಮುದುಕರು.

"ನಾನೂ ಅವಳೂ ಆಡ್ತಿದ್ದದ್ದು ಹಂಗೇ. ನೀವು ಕಲಿಸಿದ ಹಾಗೆ ಡಿಯರ್ ನಿಸರ್ಗ, ಐ ಬೆಗ್ ಯುವರ್ ಪಾರ್ಡನ್ ಅಂತ ಬರೆದಿದ್ರೆ ಯಾರೋ ಬರೆದುಕೊಟ್ಟಿದ್ದು ಅನ್ಕೋತಿದ್ದಳು. ಅದು ನಾನು ಅಂತ ಅವಳಿಗೆ ಗೊತ್ತಾಗಬೇಕಿತ್ತು."

ಆಮೇಲಿನದನ್ನು ಅವಳು ಬೇಗ ಬೇಗ ಹೇಳಿದಳು. ಹೊಳೆನರಸೀಪುರದ ಹುಡುಗ ಸ್ಟೇಟಸ್ಸಿಗೆ ಹಾಕಿದ್ದನ್ನು ಅವನ ಕ್ಲಾಸಿನವನೊಬ್ಬ ನೋಡಿದ್ದ, ಅವನ ಅಕ್ಕ ಇದೇ ಹಾಸ್ಟೆಲಿನವಳು. ಸೋಮವಾರ ಬೆಳಗಾಗುವಷ್ಟರಲ್ಲಿ ಎಲ್ಲರ ಮೊಬೈಲಿನಲ್ಲೂ ಆ ಹಾಳೆ. ಮೇಲೆ ನಿಸರ್ಗಳ ಹೆಸರು, ಹಿಂದೆ ಅವಳು ಫೇಲಾದ ಸಂಗತಿ, ಅದರ ಮೇಲೆ ಮೇಷ್ಟ್ರ ಮುದ್ದಾದ ಕೆಂಪಕ್ಷರ, ಫೇಲಾದದ್ದನ್ನು ಇನ್ನಷ್ಟು ಬಿಡಿಸಿ ಬಿಡಿಸಿ ಹೇಳುವಂಥದ್ದು. ಬುಧವಾರ ಅದು ಅರಕಲಗೂಡನ್ನೂ ಮುಟ್ಟಿತು.

"ಅವರಪ್ಪ ಬಂದು ಹಾಸ್ಟೆಲ್ ಬಿಡಿಸಿ ಕರ್ಕೊಂಡು ಹೋದ್ರು. ಈಗ ದಿನಾ ಅಲ್ಲಿಂದ ಬಸ್ಸಲ್ಲಿ ಬಂದು ಹೋಗ್ತಾಳೆ. ಕ್ಲಾಸಲ್ಲಿ ಮುಂದಿನ ಬೆಂಚಲ್ಲಿ ಕೂತ್ಕೋತಾಳೆ, ಹಿಂದಕ್ಕೆ ತಿರುಗಲ್ಲ. ಬೇಕು ಅಂತಾನೇ ಮಾಡಿಸಿದೆ ಅನ್ಕೊಂಡಿದ್ದಾಳೆ. ನೀವು ನಾಲ್ಕು ಅಂಕ ಕೊಟ್ಟಿದ್ದಕ್ಕೆ ನನಗೆ ಕೋಪ ಅಂತ ಅಮ್ಮನ ಹತ್ರ ಹೇಳಿದ್ರಂತೆ. ಸೊನ್ನೆ ಕೊಟ್ಟಿದ್ರೂ ನನಗೇನೂ ಆಗ್ತಿರಲಿಲ್ಲ ತಾತ."

ಅನಂತರಾಜಯ್ಯನವರ ಕಣ್ಣು ತುಂಬಿ ಬಂತು. ಐವತ್ತು ವರ್ಷದಿಂದ ಅವರು ಕ್ಷಮಾವಣಿಯ ದಿನ ಕ್ಷಮೆ ಕೇಳುತ್ತ ಬಂದವರು, ಊರಿನವರು ಅದಕ್ಕಾಗಿ ಅವರನ್ನು ಹೊಗಳುತ್ತಿದ್ದರು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಯಾವ ಪರ್ವವೂ ಇಲ್ಲದ ದಿನ, ಯಾರೂ ಹೇಳದೆ, ನಾಲ್ಕು ದಿನ ಕಷ್ಟಪಟ್ಟು ಕೇಳಿದ ಕ್ಷಮೆ ಅವರ ಮೇಜಿನ ಮೇಲೆಯೇ ಇತ್ತು. ಇವರಿಗೆ ಅದು ಕಾಣಲಿಲ್ಲ. ನಾಚಿಕೆ ಎಂಬುದು ಇಷ್ಟು ಭಾರವಾಗಿರುತ್ತದೆ ಎಂದು ಅವರಿಗೆ ಆ ವಯಸ್ಸಿನವರೆಗೆ ಗೊತ್ತಿರಲಿಲ್ಲ.

"ನಾನು ಅರಕಲಗೂಡಿಗೆ ಹೋಗ್ತೀನಿ" ಎಂದರು. "ಆ ತಿಮ್ಮಪ್ಪನವರ ಕಾಲು ಹಿಡಿದು ಹೇಳ್ತೀನಿ. ತಪ್ಪು ನನ್ನದು, ನನ್ನ ಮೊಮ್ಮಗಳದಲ್ಲ ಅಂತ."

"ಬೇಡ" ಎಂದಳು ಪ್ರಾರ್ಥನಾ, ಥಟ್ಟನೆ. "ನೀವು ಹೋದ್ರೆ ಅದು ನಿಮ್ಮ ಕಥೆ ಆಗುತ್ತೆ. ಊರೋರೆಲ್ಲ ಮೇಷ್ಟ್ರು ಎಷ್ಟು ದೊಡ್ಡೋರು ಅಂತಾರೆ. ಮೊದಲು ತಪ್ಪು ಮಾಡಿದ್ದು ನಾನು, ನಾನೇ ಹೋಗಬೇಕು. ಯಾವಾಗ, ಹೆಂಗೆ ಅಂತ ನನಗಿನ್ನೂ ಗೊತ್ತಾಗ್ತಿಲ್ಲ."

ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಬೆಂಚಿನಿಂದ ಎದ್ದು, ಕೊಡೆಯನ್ನು ಪಕ್ಕಕ್ಕಿಟ್ಟು, ಅವಳ ಎದುರಿಗೆ ನಿಂತು ಎರಡೂ ಕೈ ಮುಗಿದರು. ಗೇಟಿನ ಬಳಿ ನಿಂತಿದ್ದ ಹುಡುಗಿಯರು ಇತ್ತ ನೋಡಿದರು. ಎಳನೀರಿನವನೂ ಮಚ್ಚು ಹಿಡಿದು ನೋಡುತ್ತ ನಿಂತ.

"ಪ್ರಾರ್ಥನಾ, ನಾನು ನಿನ್ನ ಕಾಗದ ಓದಲಿಲ್ಲ. ಓದದೆ ತಿದ್ದಿದೆ. ಊರಿಗೆಲ್ಲ ತೋರಿಸಿದೆ. ತಪ್ಪಾಯಿತಮ್ಮ. ನನ್ನನ್ನು ಕ್ಷಮಿಸು."

ಅವಳು ಗಡಬಡಿಸಿ ಎದ್ದು ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಹಿಡಿದ ಕೈ ಬಿಡಲಿಲ್ಲ. ಅಳು ಈಗ ಬಂದೇಬಿಟ್ಟಿತ್ತು. ಮೂಗು ಒರೆಸಿಕೊಂಡು ತಾತನ ಮುಖ ನೋಡಿದಳು.

"ಇಲ್ಲ ತಾತ" ಎಂದಳು. "ಇನ್ನೂ ಆಗ್ತಿಲ್ಲ. ಬೆಳಿಗ್ಗೆ ಆಗಿದೆ ಅಂತ ಬರೆದದ್ದು ಸುಳ್ಳು."

ಆ ಮಾತಿನ ಅರ್ಥವನ್ನು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ನೋವಾಯಿತು, ಎದೆಗೆ ಒದ್ದಂತೆ ನೋವಾಯಿತು. ಆದರೂ ಬೆಳಗಿನಿಂದ ತಲೆಯಲ್ಲಿ ಕಟ್ಟಿಕೊಂಡಿದ್ದದ್ದು ಸಡಿಲವಾಗಿ, ಎರಡು ತಿಂಗಳಲ್ಲಿ ಮೊದಲ ಸಲ ಮೊಮ್ಮಗಳು ತನ್ನ ಜೊತೆ ಮಾತಾಡಿದಳು ಅನಿಸಿತು.

"ಸರಿ ಕಣಮ್ಮ" ಎಂದರು.

ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋದರು. ಚನ್ನರಾಯಪಟ್ಟಣದ ಬಸ್ಸು ತುಂಬುತ್ತಿತ್ತು. ಅವಳು ಮೊದಲು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ತಾತನನ್ನು ಕೂರಿಸಿ, ಕೆಳಗಿಳಿದು ಕಿಟಕಿಯ ಹೊರಗೆ ನಿಂತಳು. ಬಸ್ಸು ಹೊರಡುವವರೆಗೂ ಹೋಗಲಿಲ್ಲ.

"ಶನಿವಾರ ಊರಿಗೆ ಬರ್ತೀನಿ" ಎಂದಳು. "ಆದ್ರೆ ನೀವಾಗೇ ಮಾತಾಡಿಸಬೇಡಿ. ಏನೂ ಕೇಳಬೇಡಿ. ನನಗೆ ಆದಾಗ ನಾನೇ ಬಂದು ಹೇಳ್ತೀನಿ."

"ಎಷ್ಟು ದಿನವಾದರೂ ಆಗಲಿ" ಎಂದರು ಅನಂತರಾಜಯ್ಯ. "ಆಗದೇ ಹೋದರೂ, ಆಗಲಿಲ್ಲ ಅಂತಲೇ ಹೇಳಮ್ಮ."